ಗಾಳಿಯಲ್ಲಿ ಏರುತ್ತಿರುವ ಇಂಗಾಲದ ಡೈಆಕ್ಸೈಡ್ ಮತ್ತು ಬೆಳೆಗಳ ಕೀಟ-ರಕ್ಷಣೆ: ಮುಡಬಿ ಸೀಮೆಯ ಬೆಳೆಗಳನ್ನು ಮುಂದಿಟ್ಟುಕೊಂಡು

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಗಿಡ ಹುಲುಸಾಗಿ ಬೆಳೆಯುತ್ತದೆ ಎಂಬುದು ಬಹುಮಟ್ಟಿಗೆ ನಿಜ. ಆದರೆ ಆ ಹುಲುಸಿನ ಜೊತೆಗೇ ಎಲೆಯ ಸತ್ವ ಬದಲಾಗುತ್ತದೆ, ಹುಳು ಕಡಿದಾಗ ಗಿಡ ಎಚ್ಚೆತ್ತುಕೊಳ್ಳುವ ರೀತಿಯೂ ಬದಲಾಗುತ್ತದೆ. ಕೆಲವು ರಕ್ಷಣೆಗಳು ಬಲಗೊಳ್ಳುತ್ತವೆ, ಕೆಲವು ಸಡಿಲಗೊಳ್ಳುತ್ತವೆ. ಯಾವುದು ಬಲಗೊಂಡು ಯಾವುದು ಸಡಿಲಾಗುತ್ತದೆ ಎಂಬುದು ಬೆಳೆ ಯಾವುದು, ಅದನ್ನು ತಿನ್ನುವ ಕೀಟ ಯಾವುದು, ಆ ಕೀಟ ಗಿಡದ ಯಾವ ಭಾಗಕ್ಕೆ ಬಾಯಿ ಹಾಕುತ್ತದೆ ಎಂಬುದರ ಮೇಲೆ ನಿಂತಿದೆ. ಸೋಯಾ, ತೊಗರಿ, ಕಡಲೆ, ಜೋಳ ನಾಲ್ಕನ್ನೂ ಅಕ್ಕಪಕ್ಕದ ಹೊಲಗಳಲ್ಲಿ ಬೆಳೆಯುವ ಬೀದರ್ ಜಿಲ್ಲೆಯ ಮುಡಬಿ ಸೀಮೆ ಈ ವ್ಯತ್ಯಾಸಗಳನ್ನು ಒಟ್ಟಿಗೆ ನೋಡಲು ತಕ್ಕ ಜಾಗ.

ಸೀಮೆ ಮತ್ತು ಬೆಳೆಗಳು

ಮುಡಬಿ ಬಸವಕಲ್ಯಾಣ ತಾಲ್ಲೂಕಿನ ಹೋಬಳಿ ಕೇಂದ್ರ. ಎರೆಭೂಮಿ ಮತ್ತು ಕೆಂಪು ಜಂಬಿಟ್ಟಿಗೆಯ ನೆಲ ಎರಡೂ ಇರುವ ಬೀದರ್ ಪ್ರಸ್ಥಭೂಮಿಗೆ ಸೇರಿದ ನಾಡು. ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 850 ಮಿಲಿಮೀಟರ್ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಮುಂಗಾರಿನಲ್ಲಿ ಸೋಯಾ ಅವರೆ, ಹೆಸರು, ಉದ್ದು, ತೊಗರಿ ಬಿತ್ತುತ್ತಾರೆ. ಹಿಂಗಾರಿನಲ್ಲಿ ಕಡಲೆ ಮತ್ತು ಬಿಳಿಜೋಳ. ನೀರಾವರಿ ಇದ್ದಲ್ಲಿ ಕಬ್ಬು. ರಾಜ್ಯದಲ್ಲಿ ಸೋಯಾ ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ಬೀದರ್ ಒಂದು. ಪಕ್ಕದ ಕಲಬುರಗಿಗೆ ತೊಗರಿ ಕಣಜವೆಂಬ ಹೆಸರೇ ಇದೆ.

ಬೆಳೆಗೊಂದು ಕೀಟವೂ ಇದೆ. ತೊಗರಿ ಮತ್ತು ಕಡಲೆಗೆ ಕಾಯಿಕೊರಕ, ಅಂದರೆ ಹೆಲಿಕೋವರ್ಪ ಆರ್ಮಿಜೆರಾ. ಸೋಯಾಕ್ಕೆ ಎಲೆ ತಿನ್ನುವ ತಂಬಾಕಿನ ಕೀಡೆ ಸ್ಪೊಡಾಪ್ಟೆರಾ ಲಿಟುರಾ, ಕಾಂಡಕ್ಕೆ ಉಂಗುರದಂತೆ ಕಚ್ಚು ಹಾಕುವ ದುಂಬಿ, ಕಾಂಡನೊಣ. ಜೋಳಕ್ಕೆ ಸುಳಿನೊಣ ಮತ್ತು ಕಾಂಡಕೊರಕ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕಂಡುಬಂದ ಫಾಲ್ ಸೈನಿಕ ಹುಳು ಮೆಕ್ಕೆಜೋಳಕ್ಕೂ ಜೋಳಕ್ಕೂ ಹೊಸದಾಗಿ ಬಂದು ಸೇರಿಕೊಂಡಿದೆ.

ಗಿಡದ ರಕ್ಷಣೆ ಎಂದರೇನು

ಗಿಡ ಓಡಲಾರದು. ಹಾಗಾಗಿ ಅದು ಮೈಯನ್ನೇ ಕೋಟೆ ಮಾಡಿಕೊಳ್ಳುತ್ತದೆ. ಸದಾ ಸಿದ್ಧವಾಗಿರುವ ರಕ್ಷಣೆ ಒಂದು ಬಗೆ: ರೋಮ, ಮೇಣ, ಗಡಸುತನ, ಒಗರು, ಹುಳಿ, ವಿಷ. ಹುಳು ಕಡಿದ ಮೇಲೆ ಹುಟ್ಟಿಕೊಳ್ಳುವ ರಕ್ಷಣೆ ಇನ್ನೊಂದು ಬಗೆ.

ಮೊದಲ ಬಗೆಗೆ ಕಡಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲಕ್ಕೆ ಹೋಗಿ ಕಡಲೆಯ ಕುಡಿ ಚಿವುಟಿದವರಿಗೆ ಬೆರಳ ತುದಿ ಅಂಟಂಟಾಗುವುದು, ನಾಲಿಗೆಗೆ ಇಟ್ಟರೆ ಚುರುಕ್ಕೆನ್ನುವುದು ಗೊತ್ತು. ಅಂದಿನ ಭಜ್ಜಿಗೆ ಬೀಳುವ ಸೊಪ್ಪಿನ ಹುಳಿಯ ಮೂಲವೂ ಅದೇ. ಎಲೆ, ಕಾಂಡ, ಕಾಯಿಯ ಸಿಪ್ಪೆಯ ಮೇಲಿರುವ ಸಣ್ಣ ಗ್ರಂಥಿ-ರೋಮಗಳ ತುದಿಯಲ್ಲಿ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ತುಂಬಿದ ಹನಿಗಳಿರುತ್ತವೆ. ಬೆಳಗಿನ ಇಬ್ಬನಿಯಲ್ಲಿ ಅವು ಮಿಂಚುತ್ತವೆ. ರಾತ್ರಿ ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಹುಳಿ ತೆಗೆದು ಹೊಟ್ಟೆನೋವಿಗೆ ಔಷಧಿಯಾಗಿ ಇಟ್ಟುಕೊಳ್ಳುವ ರೂಢಿಯೂ ಇದೆ. ಮನುಷ್ಯನಿಗೆ ಮದ್ದಾದ ಈ ಹುಳಿ ಕಾಯಿಕೊರಕದ ಮರಿಗೆ ತೊಡಕು. ಆಕ್ಸಾಲಿಕ್ ಆಮ್ಲ ಹೆಚ್ಚಿರುವ ತಳಿಗಳ ಮೇಲೆ ಅದು ಕುಂಠಿತವಾಗಿ ಬೆಳೆಯುತ್ತದೆ ಎಂದು ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ 1990ರ ದಶಕದಲ್ಲಿ ನಡೆದ ಕೆಲಸ ತೋರಿಸಿತು.

ಜೋಳದ ರಕ್ಷಣೆ ಇನ್ನೂ ಕಠಿಣ. ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಎಲೆ ಜಗಿದೊಡನೆ ಅದು ಒಡೆದು ಸಯನೈಡ್ ಹೊರಬರುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳಕ್ಕೆ ದನ ಬಿಡಬಾರದು ಎಂಬ ರೈತರ ಎಚ್ಚರಿಕೆಯ ಹಿಂದಿರುವುದು ಇದೇ. ತೊಗರಿಯ ಕಾಯಿಯ ಮೇಲೂ ರೋಮಗಳಿವೆ, ಆದರೆ ಬೇಸಾಯದ ತೊಗರಿಯಲ್ಲಿ ಅವು ಕಾಯಿಕೊರಕವನ್ನು ತಡೆಯುವಷ್ಟು ದಟ್ಟವಲ್ಲ. ಅದರ ಕಾಡು ಬಂಧು ಕಜಾನಸ್ ಸ್ಕಾರಬಿಯಾಯ್ಡಿಸ್‌ನ ಕಾಯಿಗೆ ಒತ್ತಾದ ರೋಮದ ಹೊದಿಕೆ ಇದೆ. ಮರಿಹುಳು ಸಿಪ್ಪೆಯನ್ನು ಮುಟ್ಟುವುದೇ ಕಷ್ಟ.

ಎರಡನೆಯ ಬಗೆಯ ರಕ್ಷಣೆಗೆ ಜಾಸ್ಮಾನಿಕ್ ಆಮ್ಲವೆಂಬ ಹಾರ್ಮೋನು ಡಂಗುರ ಸಾರುವ ಆಳಿನಂತೆ. ಎಲೆಯನ್ನು ಹುಳು ಕಡಿದ ಕೆಲವೇ ನಿಮಿಷಗಳಲ್ಲಿ ಅದರ ಪ್ರಮಾಣ ಏರುತ್ತದೆ, ವಂಶವಾಹಿಗಳು ಎಚ್ಚೆತ್ತು ಕೀಟದ ಜೀರ್ಣಕ್ರಿಯೆಗೆ ಅಡ್ಡಬರುವ ಪ್ರೋಟೀನುಗಳು ತಯಾರಾಗುತ್ತವೆ. ರೋಗಾಣುಗಳು ತಗುಲಿದಾಗ ಮುಖ್ಯವಾಗಿ ಕೆಲಸ ಮಾಡುವುದು ಸ್ಯಾಲಿಸಿಲಿಕ್ ಆಮ್ಲ. ಇವೆರಡರ ನಡುವೆ ಸಾಮಾನ್ಯವಾಗಿ ಎಳೆದಾಟವಿದ್ದು, ಒಂದು ಮೇಲಾದರೆ ಇನ್ನೊಂದು ತಗ್ಗುತ್ತದೆ.

ಗಾಳಿಯ ಲೆಕ್ಕ

ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಅಣುಗಳಿದ್ದವು. ಈ ಅಳತೆಗೆ ಪಿಪಿಎಂ ಎನ್ನುತ್ತಾರೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ನಿರಂತರ ಅಳತೆ ಶುರುವಾದಾಗ ಅದು 315ರ ಆಸುಪಾಸಿನಲ್ಲಿತ್ತು. 2015ರಲ್ಲಿ ವಾರ್ಷಿಕ ಸರಾಸರಿ 400 ದಾಟಿತು, 2024ರಲ್ಲಿ 424 ಮುಟ್ಟಿತು. ಈ ಅನಿಲ ಗಾಳಿಯಲ್ಲಿ ಚೆನ್ನಾಗಿ ಬೆರೆತುಹೋಗುವುದರಿಂದ ಮುಡಬಿಯ ಹೊಲದ ಮೇಲಿನ ಗಾಳಿಯಲ್ಲೂ ಏರಿಕೆ ಹೆಚ್ಚುಕಡಿಮೆ ಇಷ್ಟೇ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ 550 ಮತ್ತು 700 ಪಿಪಿಎಂ ಮಟ್ಟಗಳನ್ನು ಬಳಸುತ್ತಾರೆ. ಇವು ಈ ಶತಮಾನದ ನಡುಭಾಗ ಮತ್ತು ಕೊನೆಭಾಗಕ್ಕೆ ಊಹಿಸಿದ ಮಟ್ಟಗಳು.

ಎಲ್ಲ ಬೆಳೆಗೂ ಇದರ ಲಾಭ ಒಂದೇ ಸಮನಲ್ಲ. ಸೋಯಾ, ತೊಗರಿ, ಕಡಲೆ, ಹೆಸರು, ಉದ್ದು, ಶೇಂಗಾ ಸಿ3 ಗುಂಪಿನವು. ಗಾಳಿಯ ಇಂಗಾಲದ ಡೈಆಕ್ಸೈಡ್ (ಮುಂದೆ ಚಿಕ್ಕದಾಗಿ ‘ಇಂಗಾಲ’) ಹೆಚ್ಚಿದಷ್ಟೂ ಇವುಗಳ ದ್ಯುತಿಸಂಶ್ಲೇಷಣೆ ಚುರುಕಾಗುತ್ತದೆ. ಜೋಳ, ಮೆಕ್ಕೆಜೋಳ, ಸಜ್ಜೆ, ಕಬ್ಬು ಸಿ4 ಗುಂಪಿನವು. ಇವುಗಳ ಎಲೆಯೊಳಗೆ ಇಂಗಾಲವನ್ನು ಒಟ್ಟುಗೂಡಿಸುವ ಏರ್ಪಾಡು ಮೊದಲೇ ಇರುವುದರಿಂದ ನೀರು ಸಾಕಷ್ಟಿದ್ದಾಗ ಹೆಚ್ಚುವರಿ ಲಾಭ ಅಲ್ಪ. ಎರಡೂ ಗುಂಪಿನಲ್ಲಿ ಪತ್ರರಂಧ್ರಗಳು ಒಂದಿಷ್ಟು ಮುಚ್ಚಿಕೊಂಡು ನೀರಿನ ಆವಿ ಕಡಿಮೆಯಾಗುತ್ತದೆ. ಬೆವರದ ಮೈ ಬಿಸಿಯಾಗುವಂತೆ ಎಲೆಯೂ ತುಸು ಬಿಸಿಯಾಗುತ್ತದೆ.

ಎಲೆಯ ಜಮಾಖರ್ಚು

ಇಂಗಾಲ ಧಾರಾಳವಾಗಿ ಬಂದರೂ ಬೇರಿನಿಂದ ಬರುವ ಸಾರಜನಕ ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಎಲೆಯಲ್ಲಿ ಸಕ್ಕರೆ ಮತ್ತು ಪಿಷ್ಟ ತುಂಬಿಕೊಳ್ಳುತ್ತವೆ, ಪ್ರೋಟೀನಿನ ಪಾಲು ತೆಳುವಾಗುತ್ತದೆ. ಅಂಬಲಿಗೆ ನೀರು ಹೆಚ್ಚಿಸಿದ ಹಾಗೆ: ಪಾತ್ರೆ ತುಂಬುತ್ತದೆ, ಸತ್ವ ಇಳಿಯುತ್ತದೆ. ಕೀಟಕ್ಕೆ ಬೇಕಾಗಿರುವುದು ಮುಖ್ಯವಾಗಿ ಪ್ರೋಟೀನು. ಹಾಗಾಗಿ ಅಷ್ಟೇ ಪೋಷಣೆ ಪಡೆಯಲು ಅದು ಹೆಚ್ಚು ಎಲೆ ತಿನ್ನಬೇಕಾಗುತ್ತದೆ.

ಮಿಕ್ಕ ಇಂಗಾಲದ ಒಂದು ಪಾಲು ಇಂಗಾಲದಿಂದಲೇ ಕಟ್ಟುವ ಫೀನಾಲು, ಟ್ಯಾನಿನುಗಳಂಥ ಒಗರು ವಸ್ತುಗಳಿಗೆ ಹೋಗುತ್ತದೆ. ಸಾರಜನಕ ಬೇಡುವ ಸಯನೈಡಿನಂಥ ರಕ್ಷಣೆಗಳಿಗೆ ಈ ಭಾಗ್ಯವಿಲ್ಲ. ಇಂಗಾಲ ಮತ್ತು ಪೋಷಕಾಂಶಗಳ ಸಮತೋಲವೇ ರಕ್ಷಣೆಯ ಬಗೆಯನ್ನು ನಿರ್ಧರಿಸುತ್ತದೆ ಎಂಬ ವಾದವನ್ನು ಬ್ರಯಂಟ್, ಚೇಪಿನ್, ಕ್ಲೈನ್ 1983ರಲ್ಲಿ ಮುಂದಿಟ್ಟರು. ಇದು ಎಲ್ಲ ಗಿಡಗಳಿಗೂ ಹೊಂದದಿದ್ದರೂ ಮುಂದಿನ ಸಂಶೋಧನೆಗೆ ದಾರಿ ತೋರಿತು.

ಅಮೆರಿಕದ ಲಿಂಕನ್ ಮತ್ತು ಸಂಗಡಿಗರು 1984ರಲ್ಲಿಯೇ ಹೆಚ್ಚಿನ ಇಂಗಾಲದಲ್ಲಿ ಬೆಳೆದ ಸೋಯಾ ಎಲೆಯನ್ನು ಕೀಡೆ ಹೆಚ್ಚಾಗಿ ತಿನ್ನುತ್ತದೆಂದು ತೋರಿಸಿದ್ದರು. ಅಲ್ಲಿಂದೀಚೆಗಿನ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ಸ್ಟೈಲಿಂಗ್ ಮತ್ತು ಕಾರ್ನೆಲಿಸ್ಸೆನ್ 2007ರಲ್ಲಿ ಲೆಕ್ಕ ಕೊಟ್ಟರು. ಸರಾಸರಿಯಲ್ಲಿ ಎಲೆಯ ಸಾರಜನಕ ಶೇ 16ರಷ್ಟು ಇಳಿದಿತ್ತು, ಟ್ಯಾನಿನು ಶೇ 30ರಷ್ಟು ಏರಿತ್ತು. ಕೀಟಗಳು ತಿನ್ನುವ ವೇಗ ಶೇ 16ಕ್ಕೂ ಮಿಕ್ಕಿ ಹೆಚ್ಚಿತ್ತು. ಅದೇ ಹೊತ್ತಿಗೆ ಅವುಗಳ ಬೆಳವಣಿಗೆ ನಿಧಾನವಾಗಿತ್ತು, ಕೋಶಾವಸ್ಥೆಯ ಹುಳುವಿನ ತೂಕ ಶೇ 5ರಷ್ಟು ತಗ್ಗಿತ್ತು, ಸಂಖ್ಯೆಯೂ ಇಳಿದಿತ್ತು. ಅಂದರೆ ಒಂದೊಂದು ಹುಳು ಹೆಚ್ಚು ತಿನ್ನುತ್ತದೆ, ಆದರೆ ತಿಂದದ್ದು ಅದರ ಮೈಗೆ ಹತ್ತುವುದಿಲ್ಲ.

ಸಂದೇಶ ತಪ್ಪಿದಾಗ

ಲೆಕ್ಕ ಇಷ್ಟೇ ಆಗಿದ್ದರೆ ಹುಳುಗಳಿಗೇ ನಷ್ಟವೆಂದು ಸಮಾಧಾನಪಡಬಹುದಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೋಯಾ ಹೊಲದಲ್ಲಿ ಕಥೆ ತಿರುಗಿತು. ಸೋಯ್‌ಫೇಸ್ ಎಂಬ ಈ ಪ್ರಯೋಗ 2001ರಲ್ಲಿ ಆರಂಭವಾಯಿತು. ಗಾಜಿನ ಮನೆಯಿಲ್ಲ, ಗೋಡೆಯಿಲ್ಲ; ಬಯಲಲ್ಲೇ ಬೆಳೆಯ ಸುತ್ತ ಕೊಳವೆಗಳನ್ನು ಕಟ್ಟಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಅನಿಲ ಬಿಟ್ಟು 550 ಪಿಪಿಎಂ ಕಾಯ್ದುಕೊಳ್ಳುವ ಏರ್ಪಾಡು. ಕೀಟಗಳು ತಾವಾಗಿಯೇ ಬಂದು ಹೋಗಬಹುದು. 2005ರಲ್ಲಿ ಪ್ರಕಟವಾದ ವರದಿಯಂತೆ, ಇಂಗಾಲ ಹೆಚ್ಚಿದ ತಾಕುಗಳಲ್ಲಿ ಎಲೆಯ ಹಾನಿ ಶೇ 57ರಷ್ಟು ಹೆಚ್ಚು. ಎಲೆಯ ಸಕ್ಕರೆ ಶೇ 31ರಷ್ಟು ಹೆಚ್ಚು.

ಸಕ್ಕರೆಯ ಆಸೆಯೊಂದೇ ಕಾರಣವಲ್ಲವೆಂದು 2008ರಲ್ಲಿ ಝವಾಲಾ, ಕ್ಯಾಸ್ಟೀಲ್, ಡಿಲೂಸಿಯಾ, ಬೆರೆನ್‌ಬಾಮ್ ತೋರಿಸಿದರು. ಹೆಚ್ಚಿನ ಇಂಗಾಲದಲ್ಲಿ ಬೆಳೆದ ಸೋಯಾದಲ್ಲಿ ಜಾಸ್ಮಾನಿಕ್ ಆಮ್ಲದ ದಾರಿಯ ವಂಶವಾಹಿಗಳು ಮಂಕಾಗಿದ್ದವು. ದುಂಬಿಗಳ ಹೊಟ್ಟೆಯಲ್ಲಿ ಪ್ರೋಟೀನು ಕರಗಿಸುವ ಕಿಣ್ವಕ್ಕೆ ಬೀಗ ಹಾಕುವ ಸಿಸ್ಟೀನ್ ಪ್ರೋಟಿನೇಸ್ ಪ್ರತಿಬಂಧಕಗಳು ಕಡಿಮೆ ತಯಾರಾಗಿದ್ದವು. ಎಲೆ ಕಡಿದರೂ ಡಂಗುರ ಸರಿಯಾಗಿ ಕೇಳಿಸಲಿಲ್ಲ. ಅಂಥ ಎಲೆ ತಿಂದ ಜಪಾನಿ ದುಂಬಿಗಳು ಹೆಚ್ಚು ಕಾಲ ಬದುಕಿ ಹೆಚ್ಚು ಮೊಟ್ಟೆ ಇಟ್ಟವು.

ಚೀನಾದ ಸಂಶೋಧಕರು ಟೊಮೆಟೊ ಗಿಡದಲ್ಲಿ ಇಂಥದ್ದನ್ನೇ ಕಂಡು 2012ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಕೀಟ ನಮ್ಮ ತೊಗರಿ-ಕಡಲೆಯ ಕಾಯಿಕೊರಕವೇ. ಇಂಗಾಲ ಹೆಚ್ಚಿದಾಗ ಜಾಸ್ಮಾನಿಕ್ ಆಮ್ಲದ ದಾರಿ ತಗ್ಗಿ, ಗಿಡ ಆ ಹುಳುವಿಗೆ ಒಡ್ಡುವ ಪ್ರತಿರೋಧವೂ ಹಾನಿಯನ್ನು ತಾಳಿಕೊಳ್ಳುವ ಶಕ್ತಿಯೂ ಇಳಿದವು.

ಬೆಳೆಯಿಂದ ಬೆಳೆಗೆ

ಸೋಯಾ. ಇಲಿನಾಯ್‌ನ ಫಲಿತಾಂಶವನ್ನು ಬೀದರ್‌ನ ಸೋಯಾಕ್ಕೆ ಹಾಗೆಯೇ ಹೊಂದಿಸಲಾಗದು. ಅಲ್ಲಿ ಎಲೆ ತಿಂದವು ದುಂಬಿಗಳು. ಅವುಗಳ ಜೀರ್ಣಕ್ರಿಯೆ ಬಹುಮಟ್ಟಿಗೆ ಸಿಸ್ಟೀನ್ ಕಿಣ್ವಗಳ ಮೇಲೆ ನಿಂತಿದೆ. ಇಲ್ಲಿ ಎಲೆ ತಿನ್ನುವುದು ಪತಂಗದ ಕೀಡೆ. ಅದರ ಕ್ಷಾರೀಯ ಕರುಳಿನಲ್ಲಿ ಕೆಲಸ ಮಾಡುವುದು ಟ್ರಿಪ್ಸಿನ್ ಜಾತಿಯ ಸೆರೀನ್ ಕಿಣ್ವಗಳು. ಬೀಗವೂ ಬೇರೆ, ಕೀಲಿಯೂ ಬೇರೆ. ಆದರೆ ಎರಡು ಬಗೆಯ ಬೀಗಕ್ಕೂ ಆಜ್ಞೆ ಹೊರಡುವುದು ಜಾಸ್ಮಾನಿಕ್ ಆಮ್ಲದಿಂದ. ಆದ್ದರಿಂದ ಅಪಾಯ ಇಲ್ಲವೆನ್ನುವಂತೆಯೂ ಇಲ್ಲ. ತಂಬಾಕಿನ ಕೀಡೆಯ ತಾಯಿ ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಟ್ಟು ಕಂದು ರೋಮದಿಂದ ಮುಚ್ಚುತ್ತದೆ. ಒಡೆದು ಬಂದ ಮರಿಗಳು ಒಟ್ಟಾಗಿ ಎಲೆಯ ಹಸಿರನ್ನು ಕೆರೆದು ತಿಂದು ಜಾಲರಿಯಂಥ ತೆಳು ಪೊರೆ ಉಳಿಸುತ್ತವೆ. ಎಲೆಯ ಸತ್ವ ಇಳಿದರೆ ಅದರ ಪರಿಣಾಮ ಮೊದಲು ತಟ್ಟುವುದು ಈ ಹಂತಕ್ಕೆ.

ಕಡಲೆ. ಇಕ್ರಿಸ್ಯಾಟ್‌ನಲ್ಲಿ ಪ್ರತಿರೋಧ ಶಕ್ತಿಯಲ್ಲಿ ಭಿನ್ನವಾದ ಕಡಲೆ ತಳಿಗಳನ್ನು 350, 550 ಮತ್ತು 750 ಪಿಪಿಎಂ ಮಟ್ಟಗಳಲ್ಲಿ ಬೆಳೆಸಿ ಕಾಯಿಕೊರಕದ ಮರಿಗಳನ್ನು ಬಿಟ್ಟು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಫೀನಾಲು, ಟ್ಯಾನಿನು, ರಕ್ಷಣಾ ಕಿಣ್ವಗಳ ಮಟ್ಟ ಇಂಗಾಲದ ಪ್ರಮಾಣಕ್ಕೆ ತಕ್ಕಂತೆ ಬದಲಾದವು, ಆ ಬದಲಾವಣೆ ತಳಿಯಿಂದ ತಳಿಗೆ ಬೇರೆಯಾಗಿತ್ತು. ಇಂದು ನಿರೋಧಕವೆನಿಸಿದ ತಳಿ ನಾಳೆಯ ಗಾಳಿಯಲ್ಲೂ ಅಷ್ಟೇ ನಿರೋಧಕವಾಗಿರುತ್ತದೆಂದು ಪರೀಕ್ಷಿಸದೆ ನಂಬುವಂತಿಲ್ಲ ಎಂಬುದು ಇದರಿಂದ ಹೊರಡುವ ಪಾಠ.

ತೊಗರಿ. ಕಾಯಿಕೊರಕ ತೊಗರಿಯಲ್ಲಿ ಹೂವು ಮತ್ತು ಕಾಯಿಗೆ ಬೀಳುತ್ತದೆ. ತಲೆಯನ್ನು ಕಾಯಿಯೊಳಗೆ ತೂರಿಸಿ, ಉಳಿದ ಮೈಯನ್ನು ಹೊರಗೆ ಇಳಿಬಿಟ್ಟುಕೊಂಡು ಕಾಳು ತಿನ್ನುವ ಹುಳುವನ್ನು ನೋಡದ ರೈತ ಈ ಸೀಮೆಯಲ್ಲಿಲ್ಲ. ಒಂದು ಹುಳು 30ರಿಂದ 40 ಕಾಯಿ ಹಾಳುಮಾಡಬಲ್ಲದೆಂದು ಕೈಪಿಡಿಗಳು ಹೇಳುತ್ತವೆ. ದ್ವಿದಳ ಧಾನ್ಯಗಳ ಬೇರುಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಇವುಗಳಲ್ಲಿ ಸಾರಜನಕದ ಕೊರತೆ ಇತರ ಸಿ3 ಬೆಳೆಗಳಷ್ಟಿಲ್ಲ. 2014ರಲ್ಲಿ ಮೈಯರ್ಸ್ ಮತ್ತು ಸಂಗಡಿಗರು ಬಯಲು ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿದಾಗ ಗೋಧಿ, ಭತ್ತದ ಕಾಳಿನ ಪ್ರೋಟೀನು ಇಳಿದಿತ್ತು. ದ್ವಿದಳ ಕಾಳುಗಳಲ್ಲಿ ಪ್ರೋಟೀನಿನ ಇಳಿಕೆ ಅಲ್ಪ, ಸತು ಮತ್ತು ಕಬ್ಬಿಣ ಮಾತ್ರ ತಗ್ಗಿದ್ದವು. ಹಾಗಾಗಿ ಎಲೆ ತಿನ್ನುವ ಹುಳುವಿಗೆ ಎದುರಾಗುವ ಸಪ್ಪೆ ಊಟ ಕಾಳು ತಿನ್ನುವ ಹುಳುವಿಗೆ ಎದುರಾಗದೆ ಹೋಗಬಹುದು. ಜೊತೆಗೆ ಈ ಹುಳು ತನ್ನ ಕರುಳಿನ ಕಿಣ್ವಗಳನ್ನೇ ಬದಲಿಸಿಕೊಂಡು ಗಿಡದ ಪ್ರತಿಬಂಧಕಗಳನ್ನು ದಾಟಬಲ್ಲದೆಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಜೋಳ. ಇಂದಿಗೂ ಹಿಂಗಾರಿ ಜೋಳದ ಹಿರಿಯಣ್ಣನಾಗಿರುವ ಎಂ 35-1 ತಳಿಯನ್ನು 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿದ್ದು ಸೊಲ್ಲಾಪುರದಾಚೆಯ ಮೊಹೋಳದಲ್ಲಿ. ಸುಳಿನೊಣವನ್ನು ಒಂದು ಮಟ್ಟಿಗೆ ತಾಳಿಕೊಳ್ಳುವ ಗುಣ ಅದಕ್ಕಿದೆ. ಸುಳಿನೊಣ ನಿರೋಧಕ ಜೋಳಗಳಲ್ಲಿ ಎಲೆಯ ಹೊಳಪು, ರೋಮ, ಸಸಿ ಬೇಗ ಏಳುವ ಚುರುಕು ಮುಖ್ಯವಾಗಿ ಕಾಣುತ್ತವೆ. ಸಿ4 ಬೆಳೆಯಾದ್ದರಿಂದ ಎಲೆಯ ಸಾರಜನಕದ ಇಳಿಕೆ ಜೋಳದಲ್ಲಿ ಕಡಿಮೆ. ಆದರೆ ಹುಲ್ಲಿನ ಜಾತಿಯ ಗಿಡಗಳಿಗೆ ಇನ್ನೊಂದು ಗುರಾಣಿ ಇದೆ: ಮಣ್ಣಿನಿಂದ ಹೀರಿ ಎಲೆಯಲ್ಲಿ ಕೂಡಿಡುವ ಸಿಲಿಕಾ. ಅದು ಮರಿಹುಳುವಿನ ಹಲ್ಲು ಸವೆಸುತ್ತದೆ. ಇಂಗಾಲ ಹೆಚ್ಚಿದಾಗ ಹುಲ್ಲುಗಳಲ್ಲಿ ಸಿಲಿಕಾ ಕಡಿಮೆಯಾಗುವುದನ್ನು ಆಸ್ಟ್ರೇಲಿಯಾದ ಪ್ರಯೋಗಗಳು ದಾಖಲಿಸಿವೆ.

ಹತ್ತಿ. ಮುಡಬಿ ಸೀಮೆಗೆ ಮುಖ್ಯ ಬೆಳೆಯಲ್ಲದಿದ್ದರೂ ಕಲ್ಯಾಣ ಕರ್ನಾಟಕದ ದಕ್ಷಿಣ ಭಾಗಕ್ಕೆ ಇದು ಸಂಬಂಧಿಸಿದ ವಿಷಯ. ಬಿಟಿ ಹತ್ತಿಯ ವಿಷ ಒಂದು ಪ್ರೋಟೀನು, ಅದಕ್ಕೆ ಸಾರಜನಕ ಬೇಕು. ಇಂಗಾಲ ಹೆಚ್ಚಿಸಿ ಬೆಳೆದ ಹತ್ತಿಯಲ್ಲಿ ಬಿಟಿ ವಿಷ ಇಳಿಯುವುದನ್ನು ಅಮೆರಿಕ ಮತ್ತು ಚೀನಾ ಎರಡೂ ಕಡೆಯ ಪ್ರಯೋಗಗಳು ಕಂಡಿವೆ.

ಹತ್ತಿರದ ಪ್ರಯೋಗಾಲಯಗಳು

ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ, ಅಂದರೆ ಕ್ರಿಡಾ, ಮೇಲ್ಭಾಗ ತೆರೆದ ಪಾರದರ್ಶಕ ಕೋಣೆಗಳಲ್ಲಿ ಶೇಂಗಾ ಮತ್ತು ಔಡಲ ಬೆಳೆದು ಎಲೆ ತಿನ್ನುವ ಕೀಡೆಗಳ ಮೇಲೆ ಪ್ರಯೋಗ ನಡೆಸಿದೆ. 2012ರಲ್ಲಿ ಪ್ರಕಟವಾದ ಶೇಂಗಾ ಅಧ್ಯಯನದಲ್ಲಿ 550 ಮತ್ತು 700 ಪಿಪಿಎಂನಲ್ಲಿ ಬೆಳೆದ ಎಲೆಯ ಸಾರಜನಕ ಇಳಿದಿತ್ತು. ತಂಬಾಕಿನ ಕೀಡೆ ಹೆಚ್ಚು ತಿಂದು, ಮರಿಯ ಹಂತದಲ್ಲೇ ಹೆಚ್ಚು ದಿನ ಕಳೆದಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಕ್ರಿಡಾದ ಜೊತೆಗೂಡಿ ಕಡಲೆ ಮತ್ತು ಕಾಯಿಕೊರಕದ ಮೇಲೆ ಇಂಥದೇ ಅಧ್ಯಯನ ಮಾಡಿದ್ದಾರೆ. ಬೀದರ್ ಜಿಲ್ಲೆ ಈ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಸೇರುತ್ತದೆ. 2011ರಲ್ಲಿ ಆರಂಭವಾದ ಹವಾಮಾನ ಸಹಿಷ್ಣು ಕೃಷಿಯ ರಾಷ್ಟ್ರೀಯ ಯೋಜನೆ ನಿಕ್ರಾ ಇಂಥ ಕೆಲಸಗಳಿಗೆ ಬಲ ಕೊಟ್ಟಿತು.

ಮಿತ್ರಕೀಟಗಳು, ಬಿಸಿಲು, ಬರ

ಹುಳು ಮರಿಯಾಗಿ ಹೆಚ್ಚು ದಿನ ಉಳಿದರೆ ಪರತಂತ್ರ ಕಣಜಗಳಿಗೂ ಹಕ್ಕಿಗಳಿಗೂ ಹೆಚ್ಚು ದಿನ ಸಿಗುತ್ತದೆ ಎಂಬುದು ಒಂದು ಮಗ್ಗುಲು. ಇನ್ನೊಂದು ಮಗ್ಗುಲೂ ಇದೆ. ಹುಳು ಕಡಿದ ಗಿಡ ಗಾಳಿಗೆ ಬಿಡುವ ವಾಸನೆ ಹಿಡಿದೇ ಕಣಜಗಳು ಹುಳು ಇರುವಲ್ಲಿಗೆ ಬರುತ್ತವೆ. ಫಿನ್ಲೆಂಡಿನ ಸಂಶೋಧಕರು 2004ರಲ್ಲಿ ಎಲೆಕೋಸಿನ ಮೇಲೆ ಮಾಡಿದ ಪ್ರಯೋಗದಲ್ಲಿ ಇಂಗಾಲ ಹೆಚ್ಚಿದಾಗ ಈ ವಾಸನೆಯ ಗುರುತು ಮಸುಕಾಗಿ, ಕಣಜಕ್ಕೆ ಹುಳು ಹಿಡಿದ ಗಿಡ ಮತ್ತು ಹಿಡಿಯದ ಗಿಡದ ಭೇದ ತಿಳಿಯದಾಯಿತು.

ಕೋಣೆಯಲ್ಲಿ ಇಂಗಾಲವೊಂದನ್ನೇ ಹೆಚ್ಚಿಸಬಹುದು. ಹೊಲದಲ್ಲಿ ಅದರ ಜೊತೆ ಬಿಸಿಲೂ ಏರುತ್ತದೆ. ಬಿಸಿ ಹೆಚ್ಚಿದರೆ ಕೀಟಗಳು ಬೇಗ ಬೆಳೆದು ಪೀಳಿಗೆಗಳು ಹೆಚ್ಚುತ್ತವೆ. ಇಂಗಾಲ ತಂದ ನಿಧಾನವನ್ನು ಬಿಸಿಲು ಅಳಿಸಿಹಾಕಬಹುದು. ಭತ್ತ, ಗೋಧಿ, ಮೆಕ್ಕೆಜೋಳಗಳಲ್ಲಿ ಪ್ರತಿ ಒಂದು ಡಿಗ್ರಿ ತಾಪ ಏರಿಕೆಗೆ ಕೀಟಹಾನಿ ಶೇ 10ರಿಂದ 25ರಷ್ಟು ಹೆಚ್ಚೀತೆಂದು 2018ರ ಒಂದು ಜಾಗತಿಕ ಲೆಕ್ಕಾಚಾರ ಹೇಳಿತು. ಮಳೆ ತಪ್ಪಿದರೆ ಬೇರುಗಂಟುಗಳು ಸೊರಗಿ, ದ್ವಿದಳ ಬೆಳೆಗಿದ್ದ ಸಾರಜನಕದ ಅನುಕೂಲವೂ ಕೈಬಿಡುತ್ತದೆ. ಎಲೆಯ ರಸ ಹೀರುವ ಸಸ್ಯಹೇನುಗಳ ಲೆಕ್ಕವೂ ಬೇರೆಯೇ: ಎಲೆ ತಿನ್ನುವ ಕೀಟಗಳು ಸೊರಗಿದ ಹಲವು ಪ್ರಯೋಗಗಳಲ್ಲಿ ಹೇನುಗಳು ಹೆಚ್ಚಿವೆ.

ನಿರ್ವಹಣೆ

ಒಂದೊಂದು ಹುಳು ಹೆಚ್ಚು ತಿನ್ನುವುದಾದರೆ, ಗಿಡಕ್ಕೆ ಇಂತಿಷ್ಟು ಹುಳು ಕಂಡರೆ ಎಣ್ಣೆ ಹೊಡೆಯಿರಿ ಎಂದು ಹೇಳುವ ಆರ್ಥಿಕ ಹಾನಿ ಮಟ್ಟವನ್ನು ಮತ್ತೆ ಅಳೆಯಬೇಕಾಗುತ್ತದೆ. ಈಗ ಶಿಫಾರಸಿನಲ್ಲಿರುವ ಸಮಗ್ರ ಕೀಟ ನಿರ್ವಹಣೆಯ ಕ್ರಮಗಳ ಬೆಲೆ ಕಡಿಮೆಯಾಗುವುದಿಲ್ಲ: ಮೋಹಕ ಬಲೆ, ಹಕ್ಕಿ ಕೂರಲು ನೆಡುವ ಕವಲು ಕಟ್ಟಿಗೆ, ತೊಗರಿಯ ನಡುವೆ ಒಂದಿಷ್ಟು ಜೋಳ, ಶೇ 5ರ ಬೇವಿನ ಬೀಜದ ಕಷಾಯ, ಎನ್‌ಪಿವಿ ನಂಜಾಣು, ಬೀಜಕ್ಕೆ ರೈಜೋಬಿಯಂ ಲೇಪನ, ಸುಳಿನೊಣದ ಕಾಟ ಏರುವ ಮೊದಲೇ ಜೋಳದ ಬಿತ್ತನೆ. ತೊಗರಿ ಗಿಡ ಬಾಗಿಸಿ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹುಳು ಉದುರಿಸಿ ಆರಿಸುವ ಪದ್ಧತಿ ಕಲಬುರಗಿ–ಬೀದರ್ ಕಡೆ ಹೆಸರಾಗಿದೆ. ಗಾಳಿಯಲ್ಲಿ ಇಂಗಾಲ ಎಷ್ಟೇ ಇರಲಿ, ಅಲುಗಾಡಿಸಿದ ಗಿಡದಿಂದ ಹುಳು ಬೀಳುತ್ತದೆ.

ತಳಿ ಅಭಿವೃದ್ಧಿಯ ಕೆಲಸ ಇದಕ್ಕಿಂತ ದೀರ್ಘವಾದದ್ದು. ಒಂದು ತಳಿ ಪ್ರಯೋಗ ತಾಕಿನಿಂದ ರೈತನ ಹೊಲ ಮುಟ್ಟಲು ಹತ್ತಾರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಗಾಳಿ ಬದಲಾಗಿರುತ್ತದೆ. ಎಂ 35-1 ಆರಿಸಿದ ಕಾಲದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 310 ಪಿಪಿಎಂ ಆಸುಪಾಸು. ಅದೇ ತಳಿ ಇಂದು 420 ದಾಟಿದ ಗಾಳಿಯಲ್ಲಿ ನಿಂತಿದೆ. ಕಡಲೆಯ ಹುಳಿ, ಕಾಡು ತೊಗರಿಯ ರೋಮ, ಜೋಳದ ಹೊಳಪಿನಂಥ ಗುಣಗಳನ್ನು ಆರಿಸುವಾಗ ಅವು 550 ಪಿಪಿಎಂನಲ್ಲೂ ಉಳಿಯುತ್ತವೆಯೇ ಎಂದು ನೋಡುವ ಪರೀಕ್ಷೆಗಳು ಈ ಕಾರಣಕ್ಕೆ ತಳಿಶಾಸ್ತ್ರದ ಭಾಗವಾಗುತ್ತಿವೆ.